ಕೆಂಪು ಚುಕ್ಕೆಯ ಧಣಿ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಯಾವಾಗಲೂ ಒಂದು ಕೆಂಪು ಗೆರೆ ಇರುತ್ತಿತ್ತು. ಗಲ್ಲಾದ ಮೇಲೆ ಕೈಯಿಟ್ಟು ಚಿಲ್ಲರೆ ಸರಿಸುವಾಗ ಅದು ಎದುರಿಗಿದ್ದವರ ಕಣ್ಣಿಗೆ ಬೀಳುತ್ತಿತ್ತು. ಬೆಳಗಿನ ಪೂಜೆಯ ಕುಂಕುಮ ಎಂದು ಗಿರಾಕಿಗಳು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಅದು ಕುಂಕುಮವಲ್ಲ, ಕಬ್ಬಿಣದ ಬಾಗಿಲಿಗೆ ಬಳಿಯುವ ಎಣ್ಣೆಬಣ್ಣ ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಮುಂಬಯಿಯ ಫೋರ್ಟಿನಲ್ಲಿ ಬ್ಯಾಂಕುಗಳ ಹಿಂದಿನ ಗಲ್ಲಿಯಲ್ಲಿ ಅವರ ಉಡುಪಿ ಹೋಟೆಲಿತ್ತು. ಐವತ್ತರ ದಶಕದ ಆರಂಭದಲ್ಲಿ ನಾನು ಅದೇ ಗಲ್ಲಿಯ ತುದಿಯಲ್ಲಿದ್ದ ಒಂದು ಇಂಗ್ಲಿಷ್ ಪತ್ರಿಕೆಗೆ ವರದಿಗಾರನಾಗಿ ಸೇರಿದ್ದೆ. ಕೋರ್ಟಿನಿಂದ ಬಂದವನು ಊಟಕ್ಕೆ ಅಲ್ಲಿ ಕೂತು, ಒಂದು ಕೈಯಲ್ಲಿ ಅನ್ನ ಕಲಸುತ್ತಾ ಇನ್ನೊಂದು ಕೈಯಲ್ಲಿ ಟಿಪ್ಪಣಿ ಬರೆಯುತ್ತಿದ್ದೆ. ಮೊದಲ ಕೆಲವು ದಿನ ನನಗೆ ಬಡಿಸಿದ ಸಾಂಬಾರಿನಲ್ಲಿ ತರಕಾರಿಯ ಹೋಳುಗಳು ಧಾರಾಳವಾಗಿದ್ದವು. ಕೇಳದೆಯೇ ತುಪ್ಪವೂ ಬರುತ್ತಿತ್ತು. ಆಮೇಲೊಂದು ದಿನ ಧಣಿ ಸಪ್ಲಾಯರನ ಮೂಲಕ ನನ್ನ ಕೆಲಸ ಯಾವುದೆಂದು ವಿಚಾರಿಸಿಕೊಂಡರು. ಮರುದಿನದಿಂದ ಸಾಂಬಾರು ಎಲ್ಲರಿಗೂ ಬರುವಷ್ಟೇ ತೆಳ್ಳಗಾಯಿತು. ಮುನಿಸಿಪಾಲಿಟಿಯ ಆರೋಗ್ಯ ಇಲಾಖೆಯವನು ಎಂದು ಅವರು ನನ್ನ ಮೇಲೆ ಸಂಶಯಪಟ್ಟಿದ್ದರು.

ಅವರು ಸಂಶಯಪಡದ ವಸ್ತು, ಮನುಷ್ಯ ಯಾವುದೂ ಇರಲಿಲ್ಲ. ಹಾಲಿನವನು ಬಂದರೆ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ಅದು ಜಾರುತ್ತದೋ ನಿಲ್ಲುತ್ತದೋ ನೋಡುತ್ತಿದ್ದರು. ಬೀಗ ಹಾಕಿದ ಮೇಲೆ ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆಯುತ್ತಿದ್ದರು. ಗಲ್ಲಾದ ಎದುರು ಗೋಡೆಯ ಮೇಲೆ ಒಂದು ಕ್ಷೌರದಂಗಡಿಯ ಕನ್ನಡಿ ಓರೆಯಾಗಿ ತೂಗುತ್ತಿತ್ತು. ಅದರಲ್ಲಿ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಯಾರಾದರೂ ಇದನ್ನೆಲ್ಲ ಎತ್ತಿ ಆಡಿದರೆ ಅವರ ಉತ್ತರ ಒಂದೇ: "ಸಂಶಯ ಅಂತ ಅಲ್ಲ ಮಾರಾಯ್ರೇ. ನೋಡಿಟ್ಟುಕೊಳ್ಳುದು, ಅಷ್ಟೆ."

ನಾವಿಬ್ಬರೂ ಕುರ್ಲಾದಲ್ಲಿ ಬೇರೆ ಬೇರೆ ಚಾಳುಗಳಲ್ಲಿದ್ದೆವು. ಕೆಲವೊಮ್ಮೆ ಸಂಜೆಯ ಲೋಕಲ್‌ನಲ್ಲಿ ಜತೆಯಾಗುತ್ತಿದ್ದೆವು. ಕೂರಲು ಜಾಗ ಸಿಕ್ಕರೂ ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇರುತ್ತಿದ್ದರು. ಒಮ್ಮೆ ಹಾಗೆ ನಿಂತಿದ್ದಾಗ ತಮ್ಮ ಕಥೆ ಹೇಳಿದರು. ಊರಿನಿಂದ ಬಂದ ಹೊಸದರಲ್ಲಿ ಗಿರ್ಗಾಂವಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರಂತೆ. ಅಲ್ಲಿ ತುಪ್ಪದ ಡಬ್ಬವೊಂದು ಕಾಣೆಯಾಯಿತು. ಹೊಸಬ ಇವರೇ ಆದ್ದರಿಂದ ಇವರನ್ನೇ ಓಡಿಸಿದರು. ಮೂರು ಬೀದಿಯಾಚೆಯ ಅಂಗಡಿಯಲ್ಲಿ ಅದೇ ಡಬ್ಬವನ್ನು ಇವರು ನೋಡಿದರು, ಆದರೆ ಅದೇ ಎಂದು ಹೇಳಲು ಗುರುತಿರಲಿಲ್ಲ. ಸ್ವಂತ ಹೋಟೆಲು ಇಟ್ಟ ದಿನವೇ ಒಂದು ಡಬ್ಬಿ ಕೆಂಪು ಬಣ್ಣ ಮತ್ತು ಒಂದು ಸಣ್ಣ ಕುಂಚ ಕೊಂಡರಂತೆ. ಲೋಟದ ತಳ, ಸೌಟಿನ ಹಿಡಿ, ಕುರ್ಚಿಯ ಕಾಲು, ಅಕ್ಕಿ ಮೂಟೆಯ ಹೊಲಿಗೆ, ಎಲ್ಲದಕ್ಕೂ ಹುಡುಕಿದರೆ ಮಾತ್ರ ಕಾಣುವಂಥ ಒಂದು ಚುಕ್ಕೆ. ಉಗುರಿನ ಕೆಂಪಿನ ಗುಟ್ಟು ನನಗೆ ಗೊತ್ತಾದದ್ದು ಅಂದು, ಶೀವ್ ಸ್ಟೇಷನ್ ದಾಟುವಾಗ. ಯಾರಿಗೂ ಹೇಳಬಾರದು ಎಂದರು. ಕುರ್ಲಾದಲ್ಲಿ ಇಳಿದ ಮೇಲೆ, ಹೇಳಬಾರದಿತ್ತು ಎಂದು ತಮಗೆ ತಾವೇ ಗೊಣಗಿಕೊಂಡರು.

ಆ ಹೋಟೆಲಿನಲ್ಲಿ ಅವರು ಪ್ರೀತಿಸುತ್ತಿದ್ದ ವಸ್ತು ಒಂದೇ, ರೇಡಿಯೊ. ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಅಧಿಕಾರಿಯ ಸಾಮಾನು ಹರಾಜಾದಾಗ ಕೊಂಡದ್ದು. ತೇಗದ ದೊಡ್ಡ ಪೆಟ್ಟಿಗೆ. ಮುಂದೆ ಬಂಗಾರದ ಬಣ್ಣದ ಬಟ್ಟೆ. ಒಳಗೆ ಗಾಜಿನ ವಾಲ್ವುಗಳು. ಯುದ್ಧಕ್ಕೂ ಮೊದಲಿನ ಮಾಲು ಎಂದು ಅವರು ಹೇಳುವ ಧಾಟಿ, ಮನೆತನದ ಹಿರಿಮೆ ಹೇಳುವವರ ಧಾಟಿಯಂತಿತ್ತು. ಗುಂಡಿ ತಿರುಗಿಸಿದ ಮೇಲೆ ವಾಲ್ವುಗಳು ಕಾಯುವ ತನಕ ತಡೆದು, ನಿಧಾನವಾಗಿ ಸ್ವರ ಏಳುತ್ತಿತ್ತು. ಮಧ್ಯಾಹ್ನ ಸಿಲೋನಿನ ಹಾಡು ಹಾಕಿದರೆ ಬ್ಯಾಂಕಿನ ಗುಮಾಸ್ತರು ಇನ್ನೊಂದು ಕಾಫಿ ಹೇಳುತ್ತಿದ್ದರು. ಅದನ್ನು ಗಲ್ಲಾದ ಬಲಕ್ಕೆ, ಕೈಗೆಟುಕುವ ಹಲಗೆಯ ಮೇಲೆ ಇಟ್ಟಿದ್ದರು. ಆ ಗೋಡೆಯ ಆಚೆ ಕಾಫಿಯ ಬಾಯ್ಲರ್. ಬೇರೆಡೆ ಜಾಗವಿತ್ತು, ಆದರೆ ಅಲ್ಲಿ ಅವರ ಕಣ್ಣು ತಲುಪುತ್ತಿರಲಿಲ್ಲ.

ರೇಡಿಯೊ ನೋಡಿಕೊಳ್ಳಲು ಫೋರ್ಟಿನ ಒಂದು ದೊಡ್ಡ ರೇಡಿಯೊ ಅಂಗಡಿಯಿಂದ ಮೆಕ್ಯಾನಿಕ್ ಬರುತ್ತಿದ್ದರು. ತುಮಕೂರಿನ ಕಡೆಯವರು, ಭಾಂಡುಪಿನಲ್ಲಿ ಮನೆ. ಸೆಕೆಯಲ್ಲೂ ಟೈ ಬಿಚ್ಚದವರು. ಮಾತು ಜಾಸ್ತಿ, ಜಂಭವೂ ಸ್ವಲ್ಪ ಜಾಸ್ತಿ. ತಾನು ಪೆಟ್ಟಿಗೆಗೆ ಕಿವಿಯಿಟ್ಟರೆ ಸಾಕು, ರೋಗ ಹೇಳಬಲ್ಲೆ ಎನ್ನುತ್ತಿದ್ದರು. ಒಂದು ವರ್ಷ ಆಯುಧಪೂಜೆಯ ಹಿಂದಿನ ದಿನ ಅವರು ರೇಡಿಯೊದ ಒಳಭಾಗವನ್ನೆಲ್ಲ ಹೊರತೆಗೆದು ಮೇಜಿನ ಮೇಲಿಟ್ಟು ದೂಳು ಒರೆಸಿದರು. ಧಣಿ ಕುಂಚ ತಂದು ವಾಲ್ವಿನ ಬುಡಕ್ಕೆ, ತಳದಲ್ಲಿದ್ದ ಬಿಡಿಭಾಗಗಳಿಗೆ ಒಂದೊಂದಾಗಿ ಕೆಂಪು ಚುಕ್ಕೆ ಇಟ್ಟರು. ಮೆಕ್ಯಾನಿಕ್ ಅದನ್ನು ಕುಂಕುಮ ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದರು. ಧಣಿಯೂ ಕೈಮುಗಿದರು. ನಾನು ಕಾಫಿ ಕುಡಿಯುತ್ತಾ ಸುಮ್ಮನಿದ್ದೆ.

ಮುಂದಿನ ಬೇಸಿಗೆಯಲ್ಲಿ ರೇಡಿಯೊ ಕೆಡತೊಡಗಿತು. ಮೊದಲು ಹಾಡಿನ ಹಿಂದೆ ಗುಂಯ್ ಎಂಬ ಸದ್ದು. ಆಮೇಲೆ ಸ್ವರ ಒಡೆದು, ಗಂಟಲು ಕಟ್ಟಿದವರು ಹಾಡಿದಂತೆ ಕೇಳಿಸಿತು. ಮೆಕ್ಯಾನಿಕ್ ಬಂದು ಕಿವಿಯಿಟ್ಟು, ಸ್ಪೀಕರಿಗೆ ಸ್ವರ ಕೊಡುವ ಕೊನೆಯ ವಾಲ್ವು ಸತ್ತಿದೆ ಎಂದು ಹೊಸದು ಹಾಕಿದರು. ಡಬ್ಬಿಯ ಸೀಲು ಒಡೆದದ್ದು ಧಣಿಯೇ. ಹಾಕುವ ಮೊದಲು ದೇವರ ಮುಂದೆ ಹಿಡಿಯುತ್ತೇನೆಂದು ಅದನ್ನು ಕೈಗೆ ತೆಗೆದುಕೊಂಡದ್ದನ್ನು ನಾನು ಕಂಡೆ. ಮಳೆಗಾಲ ಮುಗಿಯುವುದರೊಳಗೆ ಆ ಹೊಸ ವಾಲ್ವಿನ ಕಥೆಯೂ ಮುಗಿಯಿತು.

ಧಣಿಗೆ ಇದು ಅಡುಗೆಮನೆಯ ಲೆಕ್ಕಾಚಾರವಾಗಿ ಕಂಡಿತು. ಹಾಲು ತೆಳ್ಳಗಾದರೆ ಯಾರೋ ನೀರು ಬೆರೆಸಿದ್ದಾರೆ. ತುಪ್ಪ ಕಡಿಮೆಯಾದರೆ ಯಾರೋ ತೆಗೆದಿದ್ದಾರೆ. ಮುಚ್ಚಿದ ಪೆಟ್ಟಿಗೆಯೊಳಗಿನ ವಸ್ತು ತಾನಾಗಿ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಅವರ ತಲೆಗೆ ಹೋಗಲಿಲ್ಲ. ತಾನು ಪೇಟೆಗೆ ಹೋದ ಹೊತ್ತಿನಲ್ಲಿ ಮೆಕ್ಯಾನಿಕ್ ಬಂದು ಒಳ್ಳೆಯ ವಾಲ್ವು ಕಿತ್ತು, ಯಾರದೋ ಹಳೆಯದನ್ನು ಚುಚ್ಚಿ ಹೋಗಿದ್ದಾನೆ ಎಂದು ತೀರ್ಮಾನಿಸಿದರು. ಆ ಕಾಲದಲ್ಲಿ ಇಂಥ ಮಾತು ಹೊಸದೇನಲ್ಲ. ರಿಪೇರಿಗೆ ಕೊಟ್ಟ ರೇಡಿಯೊದಿಂದ ಅಸಲಿ ಮಾಲು ಹೋಯಿತು ಎಂಬ ದೂರು ನಮ್ಮ ಪತ್ರಿಕೆಯ ಓದುಗರ ಅಂಕಣಕ್ಕೂ ಆಗಾಗ ಬರುತ್ತಿತ್ತು. ನನಗೂ ಆ ಮನುಷ್ಯನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಅಷ್ಟು ಮಾತಾಡುವವರನ್ನು ಕೋರ್ಟಿನಲ್ಲಿ ನಾನು ಬೇಕಾದಷ್ಟು ನೋಡಿದ್ದೆ.

ಅಂಗಡಿಯ ಸೇಠನಿಗೆ ಇಂಗ್ಲಿಷಿನಲ್ಲಿ ಒಂದು ದೂರು ಬರೆದುಕೊಡಬೇಕು ಎಂದು ಧಣಿ ನನ್ನನ್ನು ಕೇಳಿದರು. ಕಳ್ಳತನ ಎಂಬ ಪದ ಅದರಲ್ಲಿ ಇರಲೇಬೇಕು ಎಂದರು. ಆರೋಪ ಹೊತ್ತವನ ಮಾತು ಕೇಳದೆ ನಮ್ಮಲ್ಲಿ ಒಂದು ಸಾಲೂ ಅಚ್ಚಾಗುವುದಿಲ್ಲ, ಇದೂ ಹಾಗೆಯೇ ಎಂದೆ. ಅವರಿಗೆ ಹಿಡಿಸಲಿಲ್ಲ. ಆದರೂ ಊಟದ ಗದ್ದಲ ಮುಗಿದು ತಿಂಡಿಯ ಹೊತ್ತು ಶುರುವಾಗುವ ಮಧ್ಯೆ ರೇಡಿಯೊ ಬಿಚ್ಚಿ ನೋಡುವುದೆಂದು, ನಾನು ಎದುರಿಗಿರುವುದೆಂದು ಒಪ್ಪಿದರು.

ಆ ದಿನ ಮೆಕ್ಯಾನಿಕ್ ನನ್ನ ಕಚೇರಿಯ ಮೆಟ್ಟಿಲ ಬಳಿಯೇ ಕಾದಿದ್ದರು. ಆರೋಪ ಏನೆಂದು ನಾನೇ ಹೇಳಿಕಳಿಸಿದ್ದೆ. ಟೈ ಇತ್ತು, ಜಂಭ ಇರಲಿಲ್ಲ. ನಡೆಯುತ್ತಾ ಹೇಳಿದರು: ಅಂಗಡಿಯಲ್ಲಿ ಹೋದ ತಿಂಗಳು ಇನ್ನೊಬ್ಬನ ಮೇಲೆ ಇಂಥದೇ ದೂರು ಬಂತು, ವಿಚಾರಣೆಯಿಲ್ಲದೆ ಅಂದೇ ಮನೆಗೆ ಕಳಿಸಿದರು, ರೇಡಿಯೊ ಬೀದಿಯಲ್ಲಿ ಯಾವ ಅಂಗಡಿಯವರೂ ಅವನನ್ನು ಒಳಗೆ ಬಿಡಲಿಲ್ಲ. "ನಾನು ಕೆಲಸ ಕಳ್ಕೊಂಡ್ರೆ ಇನ್ನೊಂದು ಹುಡುಕ್ಕೋಬಹುದು ಸಾರ್. ಕಳ್ಳ ಅನ್ನಿಸ್ಕೊಂಡ್ರೆ ಈ ಊರಲ್ಲಿ ಯಾರು ತಮ್ಮ ಪೆಟ್ಟಿಗೆ ಮುಟ್ಟಕ್ಕೆ ಬಿಡ್ತಾರೆ?"

ಹೋಟೆಲಿನ ಬಾಗಿಲು ಅರ್ಧ ಮುಚ್ಚಿತ್ತು. ಧಣಿ ರೇಡಿಯೊವನ್ನು ಆಗಲೇ ಮೇಜಿನ ಮೇಲಿಟ್ಟು ಬೆನ್ನು ನಮ್ಮ ಕಡೆ ತಿರುಗಿಸಿದ್ದರು. ಇಂಥ ರೇಡಿಯೊಗಳ ಬೆನ್ನಿಗೆ ತೂತು ತೂತಾದ ರಟ್ಟು ಇರುತ್ತದೆ. ಇದರ ರಟ್ಟಿನ ಮೇಲೆ ಒಂದು ತಗಡು ಬಡಿದಿತ್ತು. ನಾಲ್ಕೂ ಮೂಲೆಗೆ ಅರಗು ಸುರಿದು ಮುದ್ರೆ ಒತ್ತಿತ್ತು.

"ಇದ್ಯಾರ್ರೀ ಮುಚ್ಚಿದ್ದು?" ಎಂದರು ಮೆಕ್ಯಾನಿಕ್.

"ನಾನೇ. ನೀವು ಬರುವ ದಿನ ತೆಗಿತಿದ್ದೆ, ಹೋದ ಮೇಲೆ ಪುನಃ ಹಾಕ್ತಿದ್ದೆ. ಹಿಂದಿನ ಸಲ ನೀವು ಬಂದ ದಿನ ಮಾತ್ರ ತಗಡು ತೆಗೆದಿಟ್ಟು ನಾನು ಪೇಟೆಗೆ ಹೋಗಿದ್ದೆ," ಎಂದರು ಧಣಿ. "ಆಗ ಏನಾಯ್ತು ಅಂತ ಈಗ ನೋಡುವ."

ಅವರೇ ಅರಗು ಒಡೆದರು. ಮೆಕ್ಯಾನಿಕ್ ಸಿಟ್ಟಿನಿಂದ ಆ ಕೊನೆಯ ವಾಲ್ವನ್ನು ಕಿತ್ತು ಅವರ ಅಂಗೈಯಲ್ಲಿಟ್ಟರು. ಧಣಿ ಅದರ ಕಪ್ಪು ಬುಡವನ್ನು ಸುತ್ತಲೂ ತಿರುಗಿಸಿ ನೋಡಿದರು. ಮತ್ತೊಮ್ಮೆ ತಿರುಗಿಸಿದರು. ಆಮೇಲೆ ನನ್ನನ್ನು ನೋಡಿದರು.

"ಇಲ್ಲ," ಎಂದರು. "ನನ್ನ ಚುಕ್ಕೆ ಇಲ್ಲ."

ಚುಕ್ಕೆಯೆಂದರೆ ಏನೆಂದು ಮೆಕ್ಯಾನಿಕ್‌ಗೆ ಅರ್ಥವಾಗಲಿಲ್ಲ. ನಾನೇ ಹೇಳಬೇಕಾಯಿತು. ಹೇಳುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು. ತಾನು ಕೈಮುಗಿದದ್ದು ಯಾವುದಕ್ಕೆಂದು ಹೊಳೆಯಿತು. ಅವರು ಮೇಜಿನಿಂದ ಹಿಂದೆ ಸರಿದು ನಿಂತರು. ನನಗೂ ಆ ಗಳಿಗೆಯಲ್ಲಿ, ಇನ್ನು ದೂರು ಬರೆಯದೆ ವಿಧಿಯಿಲ್ಲ ಎನಿಸಿತು. ಆದರೆ ಮಂಕು ಬೆಳಕಿನಲ್ಲಿ ನೋಡಿದ್ದನ್ನು ನೋಡಿದೆ ಎನ್ನಬಾರದೆಂದು ನಮ್ಮ ಮುಖ್ಯ ಉಪಸಂಪಾದಕರು ಕಲಿಸಿದ್ದರು. ವಾಲ್ವನ್ನು ಬಾಗಿಲ ಬಳಿ ಬೆಳಕಿಗೆ ತನ್ನಿ ಎಂದೆ.

ಧಣಿ ಬಾಗಿಲ ಬಳಿ ನಿಂತು ಅದನ್ನು ಕಣ್ಣಿನ ಹತ್ತಿರ ಹಿಡಿದರು. ಕಪ್ಪು ಬುಡದ ಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣದ ಒಂದು ಹೊಪ್ಪಳೆ ಇತ್ತು. ಅವರು ಹೆಬ್ಬೆರಳಿನ ಉಗುರಿನಿಂದ ಅದನ್ನು ಕೆರೆದರು. ಮೇಲಿನ ಕಂದು ಪುಡಿಯಾಗಿ ಉದುರಿ, ಒಳಗಿನಿಂದ ಕೆಂಪು ಬಂತು. ಉಗುರಿನ ಬುಡದಲ್ಲಿದ್ದ ಕೆಂಪೇ ಅದು.

ಅವರು ವಾಲ್ವನ್ನು ಅಂಗೈಯಲ್ಲಿಟ್ಟುಕೊಂಡು ಮೇಜಿನ ಬಳಿಗೆ ಮರಳಿದರು. ಆಮೇಲೆ, ತಮ್ಮ ಕೈಯಾರೆ ಸೀಲು ಒಡೆದ ಹೊಸ ವಾಲ್ವೇ ಇದಾದರೆ ಇಷ್ಟು ಬೇಗ ಸತ್ತದ್ದು ಹೇಗೆ ಎಂದು ಕೇಳಿದರು. ಕೇಳಿದ್ದು ಮೆಕ್ಯಾನಿಕ್‌ನನ್ನು. ಬಂದಾಗಿನಿಂದ ಅವರನ್ನು ನೇರವಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮೆಕ್ಯಾನಿಕ್ ತನಗೆ ಗೊತ್ತಿಲ್ಲ ಎಂದರು. ಸದ್ದು ಒಡೆದರೆ ವಾಲ್ವು ಬದಲಾಯಿಸುವುದೇ ತನಗೆ ರೂಢಿ, ಕೆಳಗೆ ಇಳಿದು ನೋಡಿರಲಿಲ್ಲ ಎಂದು ಒಪ್ಪಿಕೊಂಡರು.

ಒಳಭಾಗವನ್ನು ಹೊರಗೆಳೆದು ಮಗುಚಿದೆವು. ತಳದಲ್ಲಿ ಕಂಡೆನ್ಸರುಗಳಿದ್ದವು: ಕಾಗದ ಮತ್ತು ಬೇಗಡೆಯನ್ನು ಸುರುಳಿ ಸುತ್ತಿ ಮೇಲೆ ಮೇಣ ಹೊಯ್ದ, ಕಿರುಬೆರಳಿನ ಗಾತ್ರದ ಕೊಳವೆಗಳು. ಒಂದರ ಮೇಲೂ ಚುಕ್ಕೆಯಿರಲಿಲ್ಲ. ಧಣಿ ಮತ್ತೆ ತಲೆಯೆತ್ತಿದರು. ಆ ಹಳೆಯ ನೋಟ ಮತ್ತೆ ಬಂದಿತ್ತು. ಈ ಸಲ ತೋರಿಸಿದವರು ಮೆಕ್ಯಾನಿಕ್. ಪೆಟ್ಟಿಗೆಯ ತಳದಲ್ಲಿ, ಕಂಡೆನ್ಸರುಗಳು ಇದ್ದ ಜಾಗದ ನೇರ ಕೆಳಗೆ ಹಳದಿ ಮೇಣ ಕರಗಿ ಬಿದ್ದು ಗಟ್ಟಿಯಾಗಿತ್ತು. ಅದರ ನಡುವೆ ಕೆಂಪು ಚುಕ್ಕೆಗಳು ಹುಗಿದುಕೊಂಡಿದ್ದವು. ಮೇಣ ಕರಗಿ ಜಾರುವಾಗ ಗುರುತನ್ನೂ ಒಯ್ದಿತ್ತು.

ಮೆಕ್ಯಾನಿಕ್ ಈಗ ಸಾವಕಾಶವಾಗಿ ಹೇಳಿದರು. ಈ ಕಾಗದದ ಸುರುಳಿಗಳಿಗೆ ವಯಸ್ಸಾಗುತ್ತದೆ. ಶಾಖ ತಾಗಿದರೆ ಬೇಗ ಆಗುತ್ತದೆ, ಮೇಣ ಹೋದ ಮೇಲೆ ಮುಂಬಯಿಯ ತೇವ ಒಳಗಿಳಿಯುತ್ತದೆ. ಆಮೇಲೆ ಅದು ತಡೆಯಬೇಕಾದ ಕರೆಂಟನ್ನು ತಡೆಯದೆ ವಾಲ್ವಿನ ಕಡೆ ಸೋರಬಿಡುತ್ತದೆ. ಹೊಸ ವಾಲ್ವು ಹಾಕಿದರೂ ಸುಟ್ಟುಕೊಳ್ಳುತ್ತದೆ. ಬಾಯ್ಲರಿನ ಗೋಡೆ, ಅದರ ಮೇಲೆ ಗಾಳಿಯಾಡದಂತೆ ತಗಡು. ಇಷ್ಟು ಹೇಳಿ ನಿಲ್ಲಿಸಿದರು. ತಗಡು ಬಡಿದವರು ಯಾರೆಂದು ಮತ್ತೆ ಕೇಳಲಿಲ್ಲ.

ಧಣಿ ಮೇಣದ ತುಂಡನ್ನು ಬೆರಳಿನಲ್ಲಿ ಉಜ್ಜುತ್ತಿದ್ದರು. ಅವರ ಹೋಟೆಲಿನಲ್ಲಿ ಮೊನ್ನೆ ಹುರಿದು ಬೀಸಿದ ಕಾಫಿಪುಡಿಯನ್ನು ಇವತ್ತು ಬಳಸುತ್ತಿರಲಿಲ್ಲ. "ಕಾಫಿಪುಡಿ," ಎಂದರು. "ಡಬ್ಬಿ ಮುಚ್ಚಿಯೇ ಇರ್ತದೆ. ಯಾರೂ ಮುಟ್ಟುದಿಲ್ಲ. ಒಲೆ ಹತ್ರ ಇಟ್ಟರೆ ಪರಿಮಳ ಹೋಗ್ತದೆ. ಅದು ಗೊತ್ತುಂಟು ನನಗೆ." ಮೇಣದ ತುಂಡನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ಇದು ಗೊತ್ತಾಗ್ಲಿಲ್ಲ," ಎಂದರು.

ಕಥೆ ಇಲ್ಲಿಗೆ ಮುಗಿಯಿತೆಂದು ನಾನು ಟೋಪಿ ತೆಗೆದುಕೊಂಡೆ. ಆಗ ಅವರು ತಲೆ ತಗ್ಗಿಸಿಕೊಂಡೇ, ನನ್ನ ಕಾಗದಕ್ಕೆ ಕಾಯದೆ ಆ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಸೇಠನಿಗೆ ಬಾಯಿಮಾತಿನಲ್ಲಿ ದೂರು ಕೊಟ್ಟು ಬಂದಿರುವುದಾಗಿ ಹೇಳಿದರು. ಸಂಜೆ ಅಂಗಡಿ ಮುಚ್ಚುವ ಮೊದಲು ಮೆಕ್ಯಾನಿಕ್‌ನನ್ನು ಕರೆಸಿ ಇತ್ಯರ್ಥ ಮಾಡುತ್ತೇನೆಂದು ಸೇಠ ಹೇಳಿದ್ದನಂತೆ. ಮೆಕ್ಯಾನಿಕ್ ಪಕ್ಕದ ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಹೊರಗೆ ಗುಮಾಸ್ತರು ಬರತೊಡಗಿದ್ದರು. ಸಪ್ಲಾಯರ್ ಬಾಗಿಲು ಪೂರ್ತಿ ತೆರೆದ. ತಿಂಡಿಯ ಹೊತ್ತಿನಲ್ಲಿ ಧಣಿ ಗಲ್ಲಾ ಬಿಟ್ಟು ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಊರಿನಿಂದ ಒಡಹುಟ್ಟಿದ ತಮ್ಮ ಬಂದಿದ್ದಾಗಲೂ ಅವನನ್ನು ಅಲ್ಲಿ ಕೂರಿಸಿರಲಿಲ್ಲ. ಅವರು ಮೆಕ್ಯಾನಿಕ್‌ನ ಮುಂದೆ ಬಂದು ನಿಂತು, ಗಲ್ಲಾದ ಕಡೆ ಕೈತೋರಿಸಿದರು.

"ಅಲ್ಲಿ ಕೂತ್ಕೊಳ್ಳಿ. ನಾನು ಹೋಗಿ ಬರ್ತೇನೆ."

"ನಾನಾ?"

"ಮತ್ತೆ ಯಾರು? ಅಲ್ಲಿ ಬೇರೆ ಯಾರನ್ನೂ ಕೂರಿಸ್ಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ್ರೇ."

ಧಣಿ ಗಲ್ಲಾದ ಬಳಿ ಒಂದು ಕ್ಷಣ ಬಗ್ಗಿದ್ದನ್ನು ಕಂಡೆ. ಕೀಲಿ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಾವಿಬ್ಬರೂ ಹೊರಟೆವು. ಬಿಸಿಲಿನಲ್ಲಿ ಅವರು ಓಡುನಡಿಗೆಯಲ್ಲಿದ್ದರು. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅಂಗಡಿಯಲ್ಲಿ ಸೇಠ ಬೇರೆ ಗಿರಾಕಿಗಳ ಜತೆಗಿದ್ದ. ಧಣಿ ಕಾಯಲಿಲ್ಲ. ತಪ್ಪು ತಮ್ಮದು, ಮೆಕ್ಯಾನಿಕ್ ನಿರ್ದೋಷಿ ಎಂದು ಎಲ್ಲರೂ ಕೇಳುವಂತೆ ಹೋಟೆಲು ಹಿಂದಿಯಲ್ಲಿ ಹೇಳಿದರು: "ಸೇಠ್‌ಜಿ, ಗಲ್ತಿ ಮೇರಾ ಹೈ. ತುಮ್ಹಾರಾ ಆದ್ಮಿ ಸಾಫ್ ಹೈ. ಪೇಪರ್‌ವಾಲಾ ಸಾಥ್ ಮೆ ಹೈ, ಪೂಛೊ." ನಾನು ನೋಡಿದ್ದನ್ನು ನೋಡಿದಷ್ಟೇ ಹೇಳಿದೆ. ಸೇಠ ನಮ್ಮಿಬ್ಬರನ್ನೂ ದಿಟ್ಟಿಸಿ, ನಾವೇ ಏನೋ ಹೊಂದಾಣಿಕೆ ಮಾಡಿಕೊಂಡಿದ್ದೇವೆಯೇ ಎಂದು ತೂಗುತ್ತಿದ್ದಂತಿತ್ತು. ಧಣಿ ಜೇಬಿನಿಂದ ಮೇಣದ ತುಂಡು ತೆಗೆದು ಗಾಜಿನ ಮೇಜಿನ ಮೇಲಿಟ್ಟರು. ಸೇಠ ಹಳೆಯ ರೇಡಿಯೊ ವ್ಯಾಪಾರಿ. ಅದನ್ನು ಮೂಸಿ ನೋಡಿ, ನಕ್ಕ. ದೂರು ಅಲ್ಲಿಗೆ ಸತ್ತಿತು.

ತಿರುಗಿ ಬಂದಾಗ ಮೆಕ್ಯಾನಿಕ್ ಗಲ್ಲಾದಲ್ಲಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲಿಟ್ಟುಕೊಂಡು ಕೂತಿದ್ದರು. ಗಿರಾಕಿಗಳ ಚಿಲ್ಲರೆಯನ್ನು ಒಂದು ತಟ್ಟೆಗೆ ಹಾಕಿಸಿ ಪಕ್ಕಕ್ಕಿಟ್ಟಿದ್ದರು, ಸೆಳೆಖಾನೆ ಮುಟ್ಟಿರಲಿಲ್ಲ. ಅಂಗಡಿಯಲ್ಲಿ ಎಲ್ಲ ಸರಿಯಾಯಿತು ಎಂದು ನಾನು ಹೇಳಿದಾಗ ಅವರು ಮೊದಲ ಸಲ ಟೈಯ ಗಂಟು ಸಡಿಲಿಸಿದರು. ಧಣಿ ಬಗ್ಗಿ ಸೆಳೆಖಾನೆಯ ಸಂದಿಯಿಂದ ಏನನ್ನೋ ಎಳೆದುಕೊಂಡರು. ಒಂದು ಕರಿಬೇವಿನ ಎಲೆ. ಸಿಕ್ಕಿಸಿಟ್ಟು ಹೋಗಿದ್ದರು, ಸಿಕ್ಕಿಸಿದ ಹಾಗೆಯೇ ಇತ್ತು. ನಾವಿಬ್ಬರೂ ನೋಡಿದೆವೆಂದು ತಿಳಿದು ಅವರಿಗೆ ನಾಚಿಕೆಯಾಯಿತು.

"ಸಂಶಯ ಅಂತ ಅಲ್ಲ ಮಾರಾಯ್ರೇ," ಎಂದರು.

ಮೆಕ್ಯಾನಿಕ್ ನಗಲು ಶುರುಮಾಡಿದವರು ಕಣ್ಣೊರೆಸಿಕೊಳ್ಳುವ ತನಕ ನಕ್ಕರು.

ರೇಡಿಯೊ ಬಾಯ್ಲರಿನಿಂದ ದೂರ, ಗಲ್ಲಾದ ಎಡಕ್ಕೆ ಹಿಂದಿನ ಗೋಡೆಗೆ ಹೋಯಿತು. ತಗಡು ಅಡುಗೆಮನೆಯಲ್ಲಿ ಹಪ್ಪಳ ಒಣಗಿಸಲು ಬಳಕೆಯಾಯಿತು. ಮೆಕ್ಯಾನಿಕ್ ಹಳೆಯ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಿದರು, ಮತ್ತೆ ಅವು ಕೆಡುವ ತನಕ ಕಾಯದೆ ಆಗಾಗ ಬಂದು ತಳ ಮಗುಚಿ ನೋಡುತ್ತಿದ್ದರು. ಪ್ರತಿ ಹೊಸ ಭಾಗಕ್ಕೂ ಧಣಿ ಚುಕ್ಕೆ ಇಡುತ್ತಿದ್ದರು, ಈಗ ಬಹಿರಂಗವಾಗಿ. ಗಲ್ಲಾದಿಂದ ರೇಡಿಯೊ ಕಾಣಬೇಕಾದರೆ ಅವರು ಕತ್ತು ಪೂರ್ತಿ ತಿರುಗಿಸಬೇಕಿತ್ತು. ಹಾಗೆ ತಿರುಗಿಸಿ ತಿರುಗಿಸಿ, ಎಡಭುಜ ಸ್ವಲ್ಪ ಏರಿಯೇ ಇರುವ ಭಂಗಿ ಅವರಿಗೆ ಅಂಟಿಕೊಂಡಿತು.

ಆ ದಶಕ ಮುಗಿಯುವ ಮೊದಲೇ ಅವರು ಹೋದರು. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ ನುಂಗಿದರು. ಕೋರ್ಟಿನಿಂದಲೋ ಪೊಲೀಸ್ ಠಾಣೆಯಿಂದಲೋ ಯಾರನ್ನಾದರೂ ಕಳ್ಳನೆಂದು ಕರೆಯುವ ಸುದ್ದಿ ನನ್ನ ಮೇಜಿಗೆ ಬಂದಾಗ, ಬಾಗಿಲ ಬಳಿಯ ಬೆಳಕಿನಲ್ಲಿ ಉಗುರಿನಿಂದ ಕೆರೆಯುತ್ತಿದ್ದ ಅವರು ನೆನಪಾಗುತ್ತಾರೆ. ಅದನ್ನು ಬರೆದ ಕಿರಿಯ ವರದಿಗಾರನನ್ನು, ಇನ್ನೊಮ್ಮೆ ಹೋಗಿ ನೋಡಿ ಬಾ ಎಂದು ಕಳಿಸಿದ್ದೇನೆ. ನನ್ನ ಮೇಲೆ ಅವರ ಋಣ ಅಷ್ಟು.

ಅವರ ತಮ್ಮ ಹೋಟೆಲು ವಹಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಮೆಕ್ಯಾನಿಕ್ ರೇಡಿಯೊದ ತಳ ಮಗುಚಿ ಕೂತಿದ್ದರು. ಒಂದು ಕಂಡೆನ್ಸರ್ ತೆಗೆದು ಹೊಸದು ಬೆಸೆದರು. ಆಮೇಲೆ ಎದ್ದು ಗಲ್ಲಾದ ಕೆಳಗಿನಿಂದ ಬಣ್ಣದ ಡಬ್ಬಿ ತೆಗೆದು, ಗಟ್ಟಿಯಾಗಿದ್ದ ಕುಂಚವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹೊಸ ಕಂಡೆನ್ಸರಿನ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರು. ಈಗ ಇದು ಯಾರಿಗೆ ಎಂದು ಕೇಳಿದೆ.

ಅವರು ಚುಕ್ಕೆ ಒಣಗಲೆಂದು ಊದುತ್ತಾ, ತುಮಕೂರಿನ ನಾಲಿಗೆಯಲ್ಲೇ ಧಣಿಯ ಧಾಟಿ ಹಿಡಿದು ಹೇಳಿದರು: "ನೋಡಿಟ್ಕೊಳ್ಳೋದು ಸಾರ್, ಅಷ್ಟೆ."

ಹೇಳಿ, ಚಪ್ಪಲಿ ಬಿಟ್ಟು ಕೈಮುಗಿದರು.